ತುಂಡುಚಿತ್ರಗಳ ಚರಿತ್ರೆಯೂ ಸಂರಕ್ಷಣೆಯೂ

ಮನುಷ್ಯನ ಕೈಯಿಂದ ಹುಟ್ಟುವ ವಸ್ತುಗಳಲ್ಲಿ ಕೆಲವು ಬಾಳಲೆಂದೇ ಹುಟ್ಟುತ್ತವೆ. ಕೆಲವು ಅಳಿಯಲೆಂದೇ ಹುಟ್ಟುತ್ತವೆ. ಶಿಲಾಶಾಸನವು ಮೊದಲನೆಯ ವರ್ಗಕ್ಕೆ ಸೇರಿದುದು. ಅಂಗಳದ ರಂಗವಲ್ಲಿಯು ಎರಡನೆಯದಕ್ಕೆ. ಶಾಸನವನ್ನು ಕೆತ್ತಿಸಿದವನು ಆಚಂದ್ರಾರ್ಕವಾಗಿ ಅದು ನಿಲ್ಲಲೆಂದು ಹಾರೈಸುತ್ತಾನೆ. ರಂಗವಲ್ಲಿಯನ್ನು ಇಕ್ಕಿದ ಗೃಹಿಣಿಯು ಮರುದಿನ ಮುಂಜಾನೆ ತಾನೇ ಅದನ್ನು ಗುಡಿಸಿ, ನೀರು ಚಿಮುಕಿಸಿ, ಹೊಸದೊಂದನ್ನು ಇಕ್ಕುತ್ತಾಳೆ. ಈ ಎರಡರಲ್ಲಿ ಯಾವುದಕ್ಕೂ ಸಂಪೂರ್ಣವಾಗಿ ಸೇರದ ವಸ್ತುವೊಂದುಂಟು. ಒಂದು ಚಿತ್ರವನ್ನು ಮರದ ಹಲಗೆಗೋ ರಟ್ಟಿಗೋ ಅಂಟಿಸಿ, ಅದನ್ನು ಹತ್ತಾರು, ನೂರಾರು, ಕೆಲವು ವೇಳೆ ಸಾವಿರಾರು ತುಂಡುಗಳಾಗಿ ಕೊಯ್ದು, ಮರಳಿ ಜೋಡಿಸಲು ಕೊಡುವ ಆಟವೇ ಅದು. ಆಂಗ್ಲರು ಇದನ್ನು ಜಿಗ್‌ಸಾ ಪಜಲ್ ಎನ್ನುತ್ತಾರೆ; ಪ್ರಕೃತ ಲೇಖನದಲ್ಲಿ ತುಂಡುಚಿತ್ರವೆಂಬ ಹೆಸರು ಬಳಕೆಯಾಗಿದೆ.

ಇದನ್ನು ಜೋಡಿಸಲು ಕುಳಿತವರಿಗೆ ಕೊನೆಯ ತುಂಡು ತನ್ನ ಸ್ಥಾನವನ್ನು ಸೇರಿದೊಡನೆ ಒಂದು ಧರ್ಮಸಂಕಟ ಎದುರಾಗುತ್ತದೆ. ಹಲವು ದಿನಗಳ ಶ್ರಮದ ಫಲವನ್ನು ಒಡನೆಯೇ ಕಲಕಿ ಪೆಟ್ಟಿಗೆಗೆ ಸುರಿಯಲು ಮನಸ್ಸು ಬಾರದು. ಮೇಜಿನ ಮೇಲೆಯೇ ಬಿಟ್ಟರೆ ಧೂಳು, ಗಾಳಿ, ಮಕ್ಕಳ ಕೈ ಇವುಗಳಿಂದ ರಕ್ಷಣೆಯಿಲ್ಲ. ಅಂಟು ಹಚ್ಚಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಬೇಕೆ? ಅಥವಾ ಬಿಡಿಸಿ, ಎಣಿಸಿ, ಜೋಪಾನವಾಗಿ ಎತ್ತಿಡಬೇಕೆ? ಮೇಲ್ನೋಟಕ್ಕೆ ಇದು ಗೃಹಾಲಂಕಾರದ ಪ್ರಶ್ನೆಯಂತೆ ತೋರುತ್ತದೆ. ಆದರೆ ತುಂಡುಚಿತ್ರದಲ್ಲಿ ಉಳಿಸತಕ್ಕ ವಸ್ತು ಯಾವುದು, ಚಿತ್ರವೋ, ತುಂಡುಗಳೋ, ಜೋಡಿಸುವ ಕ್ರಿಯೆಯೋ ಎಂಬುದು ತೀರ್ಮಾನವಾಗದೆ ಇದಕ್ಕೆ ಉತ್ತರ ದೊರೆಯದು. ಆ ತೀರ್ಮಾನಕ್ಕೆ ಇದರ ಇನ್ನೂರೈವತ್ತಕ್ಕೂ ಹೆಚ್ಚಿನ ವರ್ಷಗಳ ಚರಿತ್ರೆಯೇ ಆಧಾರ.

೧. ಪಾಠಕ್ಕಾಗಿ ಹುಟ್ಟಿದ ತುಂಡುಗಳು

ಈಗ ವಿನೋದಕ್ಕೆ ಮೀಸಲಾಗಿರುವ ಈ ವಸ್ತುವು ಮೊದಲು ಪಾಠೋಪಕರಣವಾಗಿ ಹುಟ್ಟಿತು. ಹದಿನೆಂಟನೆಯ ಶತಮಾನದ ಲಂಡನ್ ನಗರದಲ್ಲಿ ಜಾನ್ ಸ್ಪಿಲ್ಸ್‌ಬರಿ (೧೭೩೯–೧೭೬೯) ಎಂಬ ಕೆತ್ತನೆಗಾರನಿದ್ದನು. ಅರಸನ ಭೂಗೋಳಜ್ಞನೆಂಬ ಪದವಿಯನ್ನು ಹೊಂದಿದ್ದ ಥಾಮಸ್ ಜೆಫರಿಸ್ ಎಂಬ ಭೂಪಟಕಾರನಲ್ಲಿ ಅವನು ಶಿಷ್ಯನಾಗಿದ್ದು ಕೆಲಸ ಕಲಿತನು. ಅನಂತರ ಡ್ರೂರಿ ಲೇನ್ ಎಂಬ ಬೀದಿಗೆ ಸಮೀಪದ ರಸೆಲ್ ಕೋರ್ಟಿನಲ್ಲಿ ಸ್ವಂತ ಅಂಗಡಿಯನ್ನು ತೆರೆದು, ಮುದ್ರಿತ ಭೂಪಟಗಳನ್ನು ತೆಳುವಾದ ಮಹಾಗನಿ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿರೇಖೆಯನ್ನನುಸರಿಸಿ ನವುರಾದ ಗರಗಸದಿಂದ ಕೊಯ್ದು ಮಾರತೊಡಗಿದನು. ೧೭೬೩ರಲ್ಲಿ ಪ್ರಕಟವಾದ ಒಂದು ವರ್ತಕರ ಸೂಚಿಯು, ಭೂಗೋಳದ ಬೋಧನೆಯು ಸುಲಭವಾಗುವಂತೆ ಮರದ ಮೇಲೆ ಭೂಪಟಗಳನ್ನು ಛೇದಿಸುವವನು ಎಂಬ ಅರ್ಥದಲ್ಲಿ ಅವನ ವೃತ್ತಿಯನ್ನು ನಮೂದಿಸಿದೆ. ಜಗತ್ತು, ಯೂರೋಪು, ಏಷ್ಯ, ಆಫ್ರಿಕ, ಅಮೆರಿಕ, ಇಂಗ್ಲೆಂಡು ಮತ್ತು ವೇಲ್ಸ್, ಐರ್ಲೆಂಡು, ಸ್ಕಾಟ್ಲೆಂಡು ಎಂಬ ಎಂಟು ವಿಷಯಗಳ ಭೂಪಟಗಳು ಅವನಲ್ಲಿ ದೊರೆಯುತ್ತಿದ್ದುವು. ಸಮುದ್ರಭಾಗವನ್ನು ಬಿಟ್ಟು ಭೂಭಾಗವನ್ನು ಮಾತ್ರ ಕೊಳ್ಳುವವರಿಗೆ ಬೆಲೆಯಲ್ಲಿ ರಿಯಾಯಿತಿಯೂ ಇದ್ದಿತು.

ಈ ಯುಕ್ತಿಯು ಸಂಪೂರ್ಣವಾಗಿ ಅವನದೇ ಎಂದು ಹಿಂದೆ ನಂಬಲಾಗಿದ್ದಿತು. ಲಂಡನ್ನಿನಲ್ಲಿ ಬಾಲಿಕೆಯರಿಗೆ ಪಾಠ ಹೇಳುತ್ತಿದ್ದ ಫ್ರೆಂಚ್ ವಿದುಷಿ ಮದಾಂ ಲಪ್ರಾನ್ಸ್ ದ ಬೋಮಾಂ ಎಂಬಾಕೆಯು ಸ್ಪಿಲ್ಸ್‌ಬರಿಗಿಂತ ಮುಂಚೆಯೇ ಮರದ ಭೂಪಟಗಳನ್ನು ಬೋಧನೆಗೆ ಬಳಸುತ್ತಿದ್ದಳೆಂದು ಈಚಿನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಸುಂದರಿಯೂ ಮೃಗವೂ ಎಂಬ ಲೋಕಪ್ರಸಿದ್ಧ ಕಥೆಯ ಪ್ರಚಲಿತ ರೂಪವನ್ನು ೧೭೫೬ರಲ್ಲಿ ಬರೆದವಳೂ ಈಕೆಯೇ. ಕಲ್ಪನೆಯು ಯಾರದೇ ಆಗಿರಲಿ, ಅದನ್ನು ಅಂಗಡಿಯ ಸರಕನ್ನಾಗಿ ಮಾಡಿ ಊರಿಗೆ ಪರಿಚಯಿಸಿದ ಕೀರ್ತಿ ಸ್ಪಿಲ್ಸ್‌ಬರಿಗೆ ಸಲ್ಲುತ್ತದೆ. ಅದರ ಫಲವನ್ನು ಬಹುಕಾಲ ಅನುಭವಿಸುವ ಭಾಗ್ಯವು ಅವನಿಗಿರಲಿಲ್ಲ. ಸುಮಾರು ೩೦ರ ಪ್ರಾಯದಲ್ಲಿಯೇ ಅವನು ತೀರಿಕೊಂಡನು. ಅವನ ತರುವಾಯ ಜಾನ್ ವಾಲಿಸ್, ವಿಲಿಯಂ ಡಾರ್ಟನ್ ಮೊದಲಾದ ಪ್ರಕಾಶಕರು ಭೂಪಟಗಳ ಜೊತೆಗೆ ರಾಜವಂಶಾವಳಿ, ಬೈಬಲಿನ ಕಥೆ, ನೀತಿಚಿತ್ರ ಇವುಗಳನ್ನೂ ಛೇದಿಸಿ ಮಾರಿದರು.

ಈ ತುಂಡುಭೂಪಟಗಳು ಉಳ್ಳವರ ಮನೆಯ ಮಕ್ಕಳ ವಿದ್ಯಾಭ್ಯಾಸದಲ್ಲಿ ಎಷ್ಟು ಆಳವಾಗಿ ಬೇರೂರಿದುವೆಂಬುದಕ್ಕೆ ಜೇನ್ ಆಸ್ಟಿನ್‌ಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ (೧೮೧೪) ಕಾದಂಬರಿಯು ಸಾಕ್ಷಿ. ಬಡ ಸಂಸಾರದಿಂದ ಸಿರಿವಂತ ಬಂಧುಗಳ ಮನೆಗೆ ಬಂದ ಹತ್ತು ವರ್ಷದ ಬಾಲಿಕೆಗೆ ಯೂರೋಪಿನ ಭೂಪಟವನ್ನು ಜೋಡಿಸಲು ಬಾರದೆಂಬುದನ್ನು ಅಲ್ಲಿನ ಹುಡುಗಿಯರು ಅವಳ ಅಜ್ಞಾನಕ್ಕೆ ಪ್ರಮಾಣವಾಗಿ ಹೇಳುತ್ತಾರೆ. ತುಂಡುಭೂಪಟವಿಲ್ಲದ ಮನೆಯಲ್ಲಿ ಬೆಳೆದ ಮಗುವಿಗೆ ಅದು ಹೇಗೆ ತಿಳಿಯಬೇಕೆಂಬ ಯೋಚನೆಯು ಅವರಿಗೆ ಹೊಳೆಯುವುದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಾಠಕ್ಕಾಗಿ ಹುಟ್ಟಿದ ಈ ಭೂಪಟಗಳನ್ನು ಜೋಡಿಸಿದ ಸ್ಥಿತಿಯಲ್ಲಿ ಶಾಶ್ವತವಾಗಿ ಇಡುವುದು ಯಾರ ಉದ್ದೇಶವೂ ಆಗಿರಲಿಲ್ಲ. ಫ್ರಾನ್ಸನ್ನು ಕೈಯಲ್ಲಿ ಹಿಡಿದು ಅದರ ನೆರೆಯಲ್ಲಿ ಸ್ಪೇನನ್ನು ಇಡುವ ಮಗುವು ಭೂಗೋಳವನ್ನು ಬೆರಳಿನಿಂದ ಕಲಿಯುತ್ತಿದ್ದಿತು. ಪಾಠವು ಮುಗಿದೊಡನೆ ಬಿಡಿಸಿಡುವುದು ಮರುದಿನದ ಪಾಠಕ್ಕೆ ಸಿದ್ಧತೆಯಾಗಿದ್ದಿತು.

೨. ರಾಜಪುತ್ರರ ಪೆಟ್ಟಿಗೆ

ಅಂದಿನವರು ತುಂಡುಚಿತ್ರಗಳನ್ನು ಹೇಗೆ ಕಾಪಾಡಿದರೆಂಬುದಕ್ಕೆ ಒಂದು ಉತ್ತಮ ನಿದರ್ಶನವು ಉಳಿದುಬಂದಿದೆ. ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಗೆ ೧೭೬೨ರಲ್ಲಿ ಮೊದಲ ಮಗನು ಹುಟ್ಟಿದಾಗ, ರಾಜಕುಮಾರರ ಪಾಲನೆಗೂ ಶಿಕ್ಷಣಕ್ಕೂ ಲೇಡಿ ಷಾರ್ಲಟ್ ಫಿಂಚ್ (೧೭೨೫–೧೮೧೩) ಎಂಬ ವಿದ್ಯಾವತಿಯು ನೇಮಕಗೊಂಡಳು. ಸುಮಾರು ಮೂವತ್ತು ವರ್ಷ ಆ ಹೊಣೆಯನ್ನು ಹೊತ್ತ ಈಕೆಯು ಅರಮನೆಯ ಮಕ್ಕಳಿಗೆ ತುಂಡುಭೂಪಟಗಳ ಮೂಲಕ ಭೂಗೋಳವನ್ನು ಕಲಿಸಿದಳು. ಆ ಭೂಪಟಗಳನ್ನು ಇಡಲು ಮಾಡಿಸಿದ ಮಹಾಗನಿ ಮರದ ಪೆಟ್ಟಿಗೆಯು ಹಲವು ತಲೆಮಾರುಗಳನ್ನು ದಾಟಿ ಬಂದು, ಸಾರ್ವಜನಿಕ ಸಂಸ್ಥೆಗಳ ವಶಕ್ಕೆ ಸೇರಿ, ರಾಜಕುಟುಂಬವು ವಾಸಿಸುತ್ತಿದ್ದ ಕ್ಯೂ ಅರಮನೆಯಲ್ಲಿ ಪ್ರದರ್ಶಿತವಾಯಿತು. ಅದರ ಒಳಗೆ ಒಂದರ ಕೆಳಗೊಂದು ತೆಳುವಾದ ಖಾನೆಗಳಿವೆ. ಭೂಪಟಗಳು ಆ ಖಾನೆಗಳಲ್ಲಿ ಮಟ್ಟಸವಾಗಿ ಮಲಗಿಕೊಳ್ಳುತ್ತವೆ.

ಈ ಪೆಟ್ಟಿಗೆಯ ರಚನೆಯಲ್ಲಿ ಸಂರಕ್ಷಣೆಯ ಮುಖ್ಯ ಸೂತ್ರಗಳೆಲ್ಲ ಅಡಗಿವೆ. ತುಂಡುಗಳಿಗೆ ಬಿಸಿಲು ತಗಲುವುದಿಲ್ಲ. ಒಂದು ಭೂಪಟದ ತುಂಡು ಮತ್ತೊಂದರೊಡನೆ ಬೆರೆಯುವುದಿಲ್ಲ. ಒಂದರ ಭಾರವು ಇನ್ನೊಂದರ ಮೇಲೆ ಬೀಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಯಾವಾಗ ಬೇಕಾದರೂ ಖಾನೆಯನ್ನು ಎಳೆದು ಪಾಠವನ್ನು ಪ್ರಾರಂಭಿಸಬಹುದು. ನವರಾತ್ರಿಯ ಗೊಂಬೆಗಳನ್ನು ವರ್ಷವೆಲ್ಲ ಪೆಟ್ಟಿಗೆಯಲ್ಲಿಟ್ಟು, ಹಬ್ಬದಲ್ಲಿ ಹೊರತೆಗೆದು ಕೂರಿಸಿ, ಮುಗಿದೊಡನೆ ಬಟ್ಟೆಯಲ್ಲಿ ಸುತ್ತಿ ಮರಳಿ ಇಡುವ ಕನ್ನಡ ಮನೆಗಳ ಹೆಂಗಸರಿಗೆ ಈ ಸೂತ್ರವನ್ನು ಯಾರೂ ಬೋಧಿಸಬೇಕಾಗಿಲ್ಲ.

ಹೀಗೆ ಬಿಡಿಯಾಗಿ ಉಳಿದುಬಂದ ತುಂಡುಗಳು ಚರಿತ್ರೆಗೆ ಮಾಡಿದ ಉಪಕಾರವು ಸಾಮಾನ್ಯವಾದುದಲ್ಲ. ೧೭೬೬ರ ಸುಮಾರಿಗೆ ಸ್ಪಿಲ್ಸ್‌ಬರಿಯು ಮಾಡಿದ ಯೂರೋಪಿನ ಭೂಪಟವೊಂದು ಈಗಲೂ ಉಳಿದಿದೆ. ಆ ಕಾಲದಲ್ಲಿ ಪೋಲೆಂಡು ಒಂದು ವಿಶಾಲವಾದ ರಾಜ್ಯವಾಗಿದ್ದಿತು. ೧೭೭೨, ೧೭೯೩ ಮತ್ತು ೧೭೯೫ರಲ್ಲಿ ನೆರೆಯ ಪ್ರಬಲ ರಾಜ್ಯಗಳು ಅದನ್ನು ಮೂರು ಸಲ ಹಂಚಿಕೊಂಡುವು. ೧೯೧೮ರವರೆಗೆ ಯೂರೋಪಿನ ಭೂಪಟದಲ್ಲಿ ಸ್ವತಂತ್ರ ಪೋಲೆಂಡು ಇರಲಿಲ್ಲ. ಅಷ್ಟು ಕಾಲವೂ ಹಳೆಯ ಪೆಟ್ಟಿಗೆಗಳೊಳಗಿನ ಮಹಾಗನಿಯ ತುಂಡುಗಳಲ್ಲಿ ಆ ರಾಜ್ಯವು ತನ್ನ ಹಳೆಯ ಗಡಿಗಳೊಡನೆ ಅಖಂಡವಾಗಿಯೇ ಇದ್ದಿತು. ಅಂತಹ ಪೆಟ್ಟಿಗೆಯಿಂದ ಒಂದು ತುಂಡು ಕಳೆದುಹೋಯಿತೆಂದರೆ ಒಂದು ರಾಜ್ಯವೇ ಕಳೆದುಹೋದಂತೆ.

೩. ಇಪ್ಪತ್ತನೆಯ ಶತಮಾನದ ಎರಡು ಅಲೆಗಳು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಲಿನಿಂದ ತುಳಿದು ನಡೆಯಿಸುವ ಗರಗಸ ಯಂತ್ರಗಳೂ, ತೆಳುವಾದ ಪ್ಲೈವುಡ್ ಹಲಗೆಗಳೂ ಬಳಕೆಗೆ ಬಂದುವು. ಈ ಗರಗಸದಿಂದಲೇ ಜಿಗ್‌ಸಾ ಎಂಬ ಹೆಸರು ಆಟಕ್ಕೆ ಅಂಟಿಕೊಂಡಿತು. ಅದು ರೂಢವಾದುದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಅದೇ ದಶಕದಲ್ಲಿ ಅಮೆರಿಕದ ವಯಸ್ಕರಲ್ಲಿ ಈ ಆಟದ ಹುಚ್ಚು ಹಬ್ಬಿತು. ಸೇಲಂ ನಗರದ ಪಾರ್ಕರ್ ಸಹೋದರರ ಕಂಪೆನಿಯು ೧೯೦೯ರಲ್ಲಿ ಮಿಕ್ಕ ಆಟಗಳ ತಯಾರಿಕೆಯನ್ನು ನಿಲ್ಲಿಸಿ, ತನ್ನ ಕಾರ್ಖಾನೆಯನ್ನು ಸಂಪೂರ್ಣವಾಗಿ ತುಂಡುಚಿತ್ರಗಳಿಗೆ ಒಪ್ಪಿಸಿತು. ಅಲ್ಲಿ ಗರಗಸವನ್ನು ನಡೆಯಿಸುತ್ತಿದ್ದವರಲ್ಲಿ ಹೆಚ್ಚಿನವರು ಸ್ತ್ರೀಯರು. ಆ ಕಾಲದಲ್ಲಿ ೫೦೦ ತುಂಡುಗಳ ಮರದ ಚಿತ್ರವೊಂದಕ್ಕೆ ೫ ಡಾಲರು ಬೆಲೆ. ಸಾಮಾನ್ಯ ಕೆಲಸಗಾರನ ತಿಂಗಳ ಸಂಪಾದನೆಯು ಸುಮಾರು ೫೦ ಡಾಲರು. ಆದುದರಿಂದ ಇದು ಮೊದಲು ಸಿರಿವಂತರ ವಿನೋದವಾಗಿಯೇ ಇದ್ದಿತು.

ಆಗಿನ ಚಿತ್ರಗಳಲ್ಲಿ ತುಂಡುಗಳು ಇಂದಿನಂತೆ ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಸುಮ್ಮನೆ ಅಂಚಿಗೆ ಅಂಚು ತಾಗಿ ಕುಳಿತಿರುತ್ತಿದ್ದುವು. ಯಾರಾದರೂ ಸೀನಿದರೂ ಸಾಕು, ಇಡೀ ಸಂಜೆಯ ಶ್ರಮವು ಚದರಿಹೋಗುತ್ತಿದ್ದಿತು. ಪೆಟ್ಟಿಗೆಯ ಮೇಲೆ ಮಾದರಿಯ ಚಿತ್ರವೂ ಇರುತ್ತಿರಲಿಲ್ಲ. ಅಂತಹ ಚಿತ್ರವನ್ನು ಎತ್ತಿ ಗೋಡೆಗೆ ಏರಿಸುವ ಆಲೋಚನೆಗೆ ಅಷ್ಟಾಗಿ ಅವಕಾಶವಿರಲಿಲ್ಲ.

ಎರಡನೆಯ ಅಲೆಯು ಎದ್ದುದು ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ. ಉಕ್ಕಿನ ಅಲಗುಗಳ ಅಚ್ಚನ್ನು ಮಾಡಿ, ಒಂದೇ ಒತ್ತಿಗೆ ಇಡೀ ರಟ್ಟನ್ನು ತುಂಡರಿಸುವ ವಿಧಾನದಿಂದ ಬೆಲೆಯು ಬಹಳವಾಗಿ ಇಳಿಯಿತು. ೧೯೩೨ರ ಶರತ್ಕಾಲದಿಂದ ಅಮೆರಿಕದಲ್ಲಿ ವಾರಕ್ಕೊಂದು ಹೊಸ ಚಿತ್ರವು ೨೫ ಸೆಂಟಿಗೆ ವೃತ್ತಪತ್ರಿಕೆಯಂತೆ ಮಾರಾಟವಾಯಿತು. ೧೯೩೩ರ ಆರಂಭದಲ್ಲಿ ಮಾರಾಟವು ವಾರಕ್ಕೆ ಒಂದು ಕೋಟಿಗೆ ಮುಟ್ಟಿತು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತವನಿಗೆ ಹೊರಗಿನ ಲೋಕವು ಒಡೆದು ಚೂರಾದಂತೆ ಕಾಣುತ್ತಿದ್ದ ಕಾಲದಲ್ಲಿ, ತನ್ನ ಕೈಯಿಂದ ಪೂರ್ಣವಾಗಬಲ್ಲ ಒಂದು ವಸ್ತುವಾದರೂ ಮೇಜಿನ ಮೇಲಿದ್ದಿತು. ಕೆಲಸ ಸಿಕ್ಕದ ತರುಣರಿಬ್ಬರು, ಫ್ರಾಂಕ್ ವೇರ್ ಮತ್ತು ಜಾನ್ ಹೆನ್ರಿಕ್ಸ್, ೧೯೩೨ರಲ್ಲಿ ಊಟದ ಮೇಜಿನ ಮೇಲೆಯೇ ಮೊದಲ ಚಿತ್ರವನ್ನು ಕೊಯ್ದು ಪ್ರಾರಂಭಿಸಿದ ಪಾರ್ ಎಂಬ ಸಂಸ್ಥೆಯು ಮುಂದೆ ಸಿರಿವಂತರೂ ಚಲಚ್ಚಿತ್ರ ನಟರೂ ಮೆಚ್ಚುವ ಕೈಗೆಲಸಕ್ಕೆ ಹೆಸರಾಯಿತು. ಸಮುದ್ರಕುದುರೆಯ ಆಕಾರದ ತುಂಡೊಂದನ್ನು ಅವರು ತಮ್ಮ ಅಂಕಿತದಂತೆ ಚಿತ್ರದೊಳಗೆ ಸೇರಿಸುತ್ತಿದ್ದರು.

ಮರದ ಚಿತ್ರವನ್ನು ಕೊಳ್ಳಲಾರದವರಿಗೆ ಬಾಡಿಗೆಯ ವ್ಯವಸ್ಥೆಯೂ ಬೆಳೆಯಿತು. ಅಮೆರಿಕದ ಔಷಧದ ಅಂಗಡಿಗಳೂ ಗ್ರಂಥಾಲಯಗಳೂ ರಾತ್ರಿಯೊಂದಕ್ಕೆ ಮೂರರಿಂದ ಹತ್ತು ಸೆಂಟುಗಳಂತೆ ತುಂಡುಚಿತ್ರಗಳನ್ನು ಎರವಲು ಕೊಟ್ಟುವು. ಇಂಗ್ಲೆಂಡಿನಲ್ಲಿ ೧೯೩೩ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಜಿಗ್‌ಸಾ ಪಜಲ್ ಲೈಬ್ರರಿಯು ಮಾದರಿಯ ಚಿತ್ರವಿಲ್ಲದ ಪೆಟ್ಟಿಗೆಗಳಲ್ಲಿ ಮರದ ಚಿತ್ರಗಳನ್ನು ಸದಸ್ಯರಿಗೆ ಒದಗಿಸುತ್ತ ಬಂದಿತು. ಎರವಲು ತಂದವನು ಬಿಡಿಸಿ ಹಿಂದಿರುಗಿಸಲೇಬೇಕು. ಒಂದೇ ಚಿತ್ರವು ನೂರು ಮನೆಗಳಲ್ಲಿ ನೂರು ಸಲ ಪೂರ್ಣವಾಗುತ್ತದೆ. ಪುಸ್ತಕಭಂಡಾರದ ಗ್ರಂಥವು ಓದುಗನಿಂದ ಓದುಗನಿಗೆ ಹೋಗಿ ಸಾರ್ಥಕವಾಗುವಂತೆ, ಇಲ್ಲಿ ತುಂಡುಚಿತ್ರವು ಸಾರ್ಥಕವಾಯಿತು.

೪. ಗೋಡೆಗೆ ಏರಿದ ಚಿತ್ರ

ಎರಡನೆಯ ಮಹಾಯುದ್ಧದ ತರುವಾಯ ಕೂಲಿಯ ದರವು ಏರಿ ಮರದ ಚಿತ್ರಗಳ ತಯಾರಿಕೆಯು ಇಳಿಮುಖವಾಯಿತು. ಗ್ರೇಟ್ ವೆಸ್ಟರ್ನ್ ರೈಲ್ವೆಗಾಗಿ ೧೯೨೪ರಿಂದ ೧೯೩೯ರವರೆಗೆ ರೈಲುಬಂಡಿ, ಕೋಟೆ, ಇಗರ್ಜಿಗಳ ಚಿತ್ರಗಳನ್ನು ಮರದಲ್ಲಿ ಕೊಯ್ದುಕೊಟ್ಟಿದ್ದ ಚಾಡ್ ವ್ಯಾಲಿ ಕಂಪೆನಿಯೂ, ಪಾರ್ಕರ್ ಸಹೋದರರೂ ೧೯೫೦ರ ದಶಕದ ಕೊನೆಯ ಹೊತ್ತಿಗೆ ಮರದ ಚಿತ್ರಗಳನ್ನು ಕೈಬಿಟ್ಟರು. ರಟ್ಟಿನ ಚಿತ್ರಗಳೇ ಮಾರುಕಟ್ಟೆಯನ್ನು ತುಂಬಿದುವು. ಇವುಗಳಲ್ಲಿ ತುಂಡುಗಳು ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ, ಮುದ್ರಣವೂ ಉತ್ತಮವಾಗಿರುತ್ತದೆ. ಸ್ಪ್ರಿಂಗ್‌ಬಾಕ್ ಎಂಬ ಅಮೆರಿಕದ ಕಂಪೆನಿಯು ಚಿತ್ರಕಾರ ಜ್ಯಾಕ್ಸನ್ ಪೊಲಾಕನ ‘ಕನ್ವರ್ಜೆನ್ಸ್’ ಎಂಬ ಕೃತಿಯನ್ನು ಜಗತ್ತಿನ ಅತಿ ಕಠಿನವಾದ ತುಂಡುಚಿತ್ರವೆಂದು ಸಾರಿ ಹೊರತಂದಾಗ, ೧೯೬೫ರಲ್ಲಿ ಲಕ್ಷಾಂತರ ಜನರು ಅದರೊಡನೆ ಹೆಣಗಿದರು. ಬಣ್ಣದ ಗೆರೆಗಳೂ ಕಲೆಗಳೂ ಹೆಣೆದುಕೊಂಡಿರುವ ಆ ಚಿತ್ರದಲ್ಲಿ ಆಕಾಶವೆಲ್ಲಿ, ನೆಲವೆಲ್ಲಿ ಎಂಬ ಆಧಾರವೇ ಇಲ್ಲ.

ಕಲಾಕೃತಿಯ ಪ್ರತಿಯೇ ತುಂಡುಚಿತ್ರವಾದಾಗ ಅದನ್ನು ಗೋಡೆಯ ಮೇಲೆ ನೋಡುವ ಆಸೆಯು ಸಹಜ. ಪೂರ್ಣಗೊಂಡ ಚಿತ್ರಕ್ಕೆ ಅಂಟು ಹಚ್ಚಿ ಕಟ್ಟು ಹಾಕಿಸುವ ರೂಢಿಯು ಬೆಳೆಯಿತು. ಅದಕ್ಕೆಂದೇ ತಯಾರಾದ ಅಂಟುಗಳೂ, ಅಂಟಿನ ಹಾಳೆಗಳೂ, ಚೌಕಟ್ಟುಗಳೂ ಅಂಗಡಿಗಳಿಗೆ ಬಂದುವು. ಜೋಡಿಸಿದವರ ಹೆಮ್ಮೆಗೆ ಇದು ನ್ಯಾಯವಾದ ಮನ್ನಣೆಯೆಂದು ಕೆಲವರ ವಾದ. ಗೋಡೆಗೆ ಏರಿದ ತುಂಡುಚಿತ್ರವು ಚಿತ್ರವಾಗಿ ಕೆಳದರ್ಜೆಯದು, ಆಟವಾಗಿ ಸತ್ತದ್ದು ಎಂದು ಮತ್ತೆ ಕೆಲವರ ವಾದ. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಎಲ್ಲ ತುಂಡುಚಿತ್ರಗಳನ್ನು ಒಂದೇ ಜಾತಿಯವೆಂದು ಭಾವಿಸಿಕೊಂಡಿವೆ.

ಕೈಯಿಂದ ಕೊಯ್ದ ಮರದ ಚಿತ್ರಕ್ಕೂ ಅಚ್ಚಿನಿಂದ ಒತ್ತಿದ ರಟ್ಟಿನ ಚಿತ್ರಕ್ಕೂ ಇರುವ ಮುಖ್ಯ ವ್ಯತ್ಯಾಸವು ಬೆಲೆಯಲ್ಲಿಲ್ಲ. ಅಚ್ಚು ಒಂದೇ ಆಗಿರುವುದರಿಂದ ರಟ್ಟಿನ ಚಿತ್ರದ ಸಾವಿರಾರು ಪ್ರತಿಗಳು ಒಂದೇ ರೀತಿಯಾಗಿರುತ್ತವೆ. ಅವುಗಳಲ್ಲಿ ಒಂದಕ್ಕೆ ಅಂಟು ಹಚ್ಚಿದರೆ ಚರಿತ್ರೆಗೆ ನಷ್ಟವೇನೂ ಇಲ್ಲ. ಕೈಯಿಂದ ಕೊಯ್ದ ಚಿತ್ರದಲ್ಲಿಯಾದರೋ ಗರಗಸವು ನಡೆದ ದಾರಿಯು ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲ; ಕೊಯ್ದವನು ತಾನೇ ಮರಳಿ ಯತ್ನಿಸಿದರೂ ಅದೇ ಗೆರೆಯು ಮೂಡದು. ಅಂಟು ಹಚ್ಚಿದರೆ ಗರಗಸದ ಸಂದು ತುಂಬಿಹೋಗುತ್ತದೆ. ತುಂಡಿನ ಪಕ್ಕದಲ್ಲಿರುವ ಹಲ್ಲಿನ ಗುರುತು ಮುಚ್ಚಿಹೋಗುತ್ತದೆ. ಹಿಂಬದಿಯನ್ನು ಹಲಗೆಗೆ ಅಂಟಿಸಿದಲ್ಲಿ ಮರದ ಜಾತಿ, ಒಂದು ಚಿತ್ರದ ತುಂಡು ಮತ್ತೊಂದರಲ್ಲಿ ಬೆರೆಯದಿರಲೆಂದು ಹಿಂದಿನ ಒಡೆಯರು ಬರೆದ ಅಂಕಿಗಳು, ಕಳೆದ ತುಂಡಿಗೆ ಬದಲಾಗಿ ಯಾರೋ ಮಾಡಿಸಿ ಸೇರಿಸಿದ ಹೊಸ ತುಂಡು, ಇವೆಲ್ಲವೂ ಕಣ್ಣಿಗೆ ಮರೆಯಾಗುತ್ತವೆ. ಲಿಂಡಾ ಹ್ಯಾನಸ್ ಎಂಬ ಸಂಗ್ರಾಹಕಿಯು ೧೯೭೨ರಲ್ಲಿ ಇಂಗ್ಲಿಷ್ ತುಂಡುಚಿತ್ರಗಳ ಚರಿತ್ರೆಯನ್ನು ಬರೆದಾಗಲೂ, ಆನ್ ವಿಲಿಯಮ್ಸ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕಿಯು ೨೦೦೪ರಲ್ಲಿ ತಮ್ಮ ಚರಿತ್ರಗ್ರಂಥವನ್ನು ಪ್ರಕಟಿಸಿದಾಗಲೂ, ಪೆಟ್ಟಿಗೆಗಳಲ್ಲಿ ಬಿಡಿಯಾಗಿ ಉಳಿದ ಚಿತ್ರಗಳೇ ಅವರಿಗೆ ದೊಡ್ಡ ಸಂಪತ್ತು. ಆ ಪೆಟ್ಟಿಗೆಗಳ ಒಡೆಯರೆಲ್ಲರೂ ತಮ್ಮ ಹೆಮ್ಮೆಯನ್ನು ಅಂಟಿನಿಂದ ಭದ್ರಪಡಿಸಿದ್ದರೆ ಈ ಚರಿತ್ರೆಯ ಅರ್ಧಭಾಗವು ಬರೆಯಲಾಗದೆ ಉಳಿಯುತ್ತಿದ್ದಿತು.

೫. ಅಂಟಿಸುವ ಕ್ರಮ

ಆದಕಾರಣ ಅಂಟು ಹಚ್ಚುವ ಮುನ್ನ, ಇಂಥದೇ ಮತ್ತೊಂದು ದೊರೆಯುವುದೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ದೊರೆಯುವ ಪಕ್ಷದಲ್ಲಿ ಅಂಟಿಸಲು ಅಡ್ಡಿಯಿಲ್ಲ. ಮಗುವೊಂದು ತಾನಾಗಿ ಮುಗಿಸಿದ ಮೊದಲ ಚಿತ್ರ, ಮನೆಯ ಹಿರಿಯರೊಬ್ಬರು ಕಡೆಗಾಲದಲ್ಲಿ ಜೋಡಿಸಿದ ಚಿತ್ರ ಇಂತಹವುಗಳಲ್ಲಿ ಚಿತ್ರಕ್ಕಿಂತ ನೆನಪು ದೊಡ್ಡದು. ಅದನ್ನು ಬಿಡಿಸಿದರೆ ಆ ಕೈಗಳ ಕೆಲಸವು ಮರಳಿ ಬಾರದು. ಅಲ್ಲಿ ಅಂಟು ಉಚಿತವಾದುದೇ. ಅಂತಹ ಚಿತ್ರದ ಹಿಂಬದಿಯ ಹಲಗೆಯ ಮೇಲೆ ಜೋಡಿಸಿದವರ ಹೆಸರನ್ನೂ ದಿನಾಂಕವನ್ನೂ ಬರೆಯುವುದು ಅಗತ್ಯ. ಅದಿಲ್ಲದಿದ್ದರೆ ಎರಡು ತಲೆಮಾರಿನ ತರುವಾಯ ಅದು ಕೇವಲ ಬಿರುಕುಬಿಟ್ಟ ಚಿತ್ರವಾಗಿ ಉಳಿಯುತ್ತದೆ.

ಅಂಟಿಸಲು ನಿಶ್ಚಯಿಸಿದವರು ಜೋಡಿಸಲು ತೊಡಗುವ ಮೊದಲೇ ಮೇಜಿನ ಮೇಲೆ ಮೇಣದ ಕಾಗದವನ್ನು ಹಾಸಿಕೊಂಡರೆ ಚಿತ್ರವು ಮೇಜಿಗೆ ಹಿಡಿಯುವ ಭಯವಿಲ್ಲ. ಪೂರ್ಣವಾದ ಮೇಲೆ ಮೃದುವಾದ ಒಣ ಬಟ್ಟೆಯಿಂದ ಧೂಳನ್ನು ಒರಸಿ, ಉಬ್ಬಿದ ತುಂಡುಗಳನ್ನು ಮಟ್ಟಸ ಮಾಡಬೇಕು. ಚಿತ್ರವನ್ನು ಎರಡು ಹಲಗೆಗಳ ನಡುವೆ ಹಿಡಿದು ಮಗುಚಿ, ಹಿಂಬದಿಗೆ ಅಂಟು ಹಚ್ಚುವುದು ಲೇಸು. ಮುಂಬದಿಗೆ ಹಚ್ಚಿದ ಅಂಟು ಕಾಲಕ್ರಮದಲ್ಲಿ ಹಳದಿಯಾಗಿ ಬಣ್ಣಗಳನ್ನು ಮಸುಕುಮಾಡಬಹುದು. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಪಾಲಿವಿನೈಲ್ ಅಸಿಟೇಟಿನ ಬಿಳಿಯ ಅಂಟು ಒಣಗಿದಾಗ ಪಾರದರ್ಶಕವಾಗುತ್ತದೆ. ಆದರೆ ಒಮ್ಮೆ ಹಿಡಿದ ಮೇಲೆ ರಟ್ಟಿಗೆ ಕೇಡಾಗದಂತೆ ಅದನ್ನು ತೆಗೆಯಲಾಗದು. ಅತಿಯಾಗಿ ಹಚ್ಚಿದರೆ ರಟ್ಟು ನೆನೆದು ಸೊಟ್ಟಗಾಗುತ್ತದೆ. ತೆಳುವಾಗಿ ಹಚ್ಚಿ, ಮೇಲೆ ಮೇಣದ ಕಾಗದವನ್ನೂ ಸಮನಾದ ಭಾರವನ್ನೂ ಇಟ್ಟು ಒಂದು ದಿನ ಒಣಗಿಸಬೇಕು. ಮೈದಾ ಗಂಜಿಯು ಅಗ್ಗವಾದರೂ ಅದರ ಪಿಷ್ಟಕ್ಕೆ ಪುಸ್ತಕದ ಹುಳುಗಳು ಮುತ್ತುತ್ತವೆ.

ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಅಂಚಿನಲ್ಲಿ ತೆಳುವಾದ ಪಟ್ಟಿಯನ್ನಿಟ್ಟು ಅಂತರ ಬಿಡಿಸಬೇಕು. ತಾಗಿದರೆ ತೇವದ ದಿನಗಳಲ್ಲಿ ಮುದ್ರಣವು ಗಾಜಿಗೆ ಹಿಡಿದುಕೊಳ್ಳುತ್ತದೆ. ಬೆನ್ನಿನ ರಟ್ಟು ಆಮ್ಲರಹಿತವಾಗಿರಬೇಕು. ಅಗ್ಗದ ರಟ್ಟಿನಲ್ಲಿರುವ ಮರದ ತಿರುಳಿನಿಂದ ಕಾಲಕ್ರಮದಲ್ಲಿ ಆಮ್ಲವು ಹುಟ್ಟಿ, ತನ್ನನ್ನೂ ತನಗೆ ತಾಗಿದ ಕಾಗದವನ್ನೂ ಹಳದಿಯಾಗಿಸಿ ಪೆಡಸುಮಾಡುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಯೂ, ಮಳೆಗಾಲದಲ್ಲಿ ನೀರೊಸರುವ ಗೋಡೆಯೂ ವರ್ಜ್ಯ. ಬೆಳಕಿನಿಂದ ಹೋದ ಬಣ್ಣವು ಕತ್ತಲೆಯಲ್ಲಿಟ್ಟರೆ ಹಿಂದಿರುಗುವುದಿಲ್ಲ. ಪ್ರತಿದಿನದ ನಷ್ಟವು ಹಿಂದಿನ ದಿನದ ನಷ್ಟಕ್ಕೆ ಕೂಡುತ್ತ ಹೋಗುತ್ತದೆ. ಕಾಗದದ ಮೇಲಣ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸುಮಾರು ೫೦ ಲಕ್ಸ್ ಪ್ರಮಾಣದ ಮಂದ ಬೆಳಕನ್ನು ಮಾತ್ರ ಅನುಮತಿಸುವುದು ಈ ಕಾರಣದಿಂದಲೇ.

೬. ಅಂಟಿಲ್ಲದ ಪ್ರದರ್ಶನ

ಮತ್ತೊಂದು ದೊರೆಯದ ಚಿತ್ರಗಳಿಗೆ, ಮುಖ್ಯವಾಗಿ ಕೈಯಿಂದ ಕೊಯ್ದ ಮರದವುಗಳಿಗೆ, ಅಂಟಿಲ್ಲದ ಮಾರ್ಗವೇ ಯೋಗ್ಯ. ಇಂದು ಮಾಡಿದ ಕೆಲಸವನ್ನು ಮುಂದಿನವರು ವಸ್ತುವಿಗೆ ಹಾನಿಯಿಲ್ಲದೆ ಬಿಚ್ಚಲು ಸಾಧ್ಯವಾಗಿರಬೇಕೆಂಬುದು ಸಂರಕ್ಷಣಾಶಾಸ್ತ್ರದ ಮೂಲಸೂತ್ರ. ಕೊಂಡಿಗಳಿಂದ ಬಿಗಿಯಾಗಿ ಕೂಡಿದ ಚಿತ್ರವನ್ನು ಹಿಂದೊಂದು ಹಲಗೆ, ಮುಂದೊಂದು ಪಾರದರ್ಶಕ ಅಕ್ರಿಲಿಕ್ ಹಾಳೆ ಇವೆರಡರ ನಡುವೆ ಹಿತವಾಗಿ ಒತ್ತಿ ಚೌಕಟ್ಟಿನಲ್ಲಿ ನಿಲ್ಲಿಸಬಹುದು. ಬೇಕಾದಾಗ ಬಿಚ್ಚಿ ಮರಳಿ ಆಡಬಹುದು. ಕೊಂಡಿಗಳಿಲ್ಲದ ಹಳೆಯ ಚಿತ್ರಗಳನ್ನು ಲಂಬವಾಗಿ ನಿಲ್ಲಿಸುವುದು ಅಪಾಯಕರ. ಅಂಚುಳ್ಳ ತಟ್ಟೆಯಂತಹ ಹಲಗೆಯಲ್ಲಿ ಮಲಗಿಸಿ, ಮೇಲೆ ಗಾಜಿನ ಮುಚ್ಚಳವನ್ನಿಟ್ಟು ತೋರಿಸಬೇಕು. ಎಲ್ಲವನ್ನೂ ಒಟ್ಟಿಗೆ ಹೊರಗಿಡದೆ, ಒಂದನ್ನು ಕೆಲವು ತಿಂಗಳು ತೋರಿಸಿ, ಅದನ್ನು ಎತ್ತಿಟ್ಟು ಮತ್ತೊಂದನ್ನು ತೆಗೆಯುವ ಸರದಿಯಿಂದ ಬೆಳಕಿನ ಹಾನಿಯು ಹಂಚಿಹೋಗುತ್ತದೆ, ನೋಡುವವರಿಗೂ ಹೊಸತನವಿರುತ್ತದೆ.

ಎತ್ತಿಡುವುದಕ್ಕೂ ಕ್ರಮವುಂಟು. ಬಿಡಿಸುವ ಮುನ್ನ ಪೂರ್ಣಚಿತ್ರದ ಛಾಯಾಚಿತ್ರವನ್ನು ತೆಗೆದು ಪೆಟ್ಟಿಗೆಯೊಳಗೆ ಇಡಬೇಕು. ತು೦ಡುಗಳನ್ನು ಎಣಿಸಿ ಸಂಖ್ಯೆಯನ್ನು ಬರೆದಿಡಬೇಕು. ಕಳೆದವು ಯಾವುವೆಂಬುದನ್ನೂ ನಮೂದಿಸಬೇಕು. ಬದಲಿ ತುಂಡನ್ನು ಮಾಡಿಸಿದಲ್ಲಿ ಅದರ ಹಿಂಬದಿಯಲ್ಲಿ ಗುರುತು ಹಾಕುವುದು ಪ್ರಾಮಾಣಿಕತೆಯ ಲಕ್ಷಣ; ಹಳೆಯದೆಂದು ನಂಬಿಸುವ ಹೊಸ ತುಂಡು ಮುಂದಿನ ಚರಿತ್ರಕಾರನಿಗೆ ಸುಳ್ಳುಸಾಕ್ಷಿ ನುಡಿಯುತ್ತದೆ. ತುಂಡುಗಳು ಬಟ್ಟೆಯ ಚೀಲದಲ್ಲಿರಲಿ. ಹಳೆಯ ಪೆಟ್ಟಿಗೆಯು ಹರಿದಿದ್ದರೂ ಎಸೆಯಬಾರದು; ತಯಾರಕನ ಹೆಸರು, ಚಿತ್ರದ ಹೆಸರು, ಬೆಲೆ ಇವುಗಳಿಗೆ ಅನೇಕ ವೇಳೆ ಅದೊಂದೇ ಆಧಾರ. ತೇವವು ಒಮ್ಮೆ ಏರಿ ಒಮ್ಮೆ ಇಳಿಯುವ ಸ್ಥಳದಲ್ಲಿ ಮರವೂ ಕಾಗದವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಚಿತ್ರವು ಹಲಗೆಯಿಂದ ಏಳುತ್ತದೆ. ಆದುದರಿಂದ ಅಟ್ಟಕ್ಕಿಂತಲೂ ನೆಲಮಾಳಿಗೆಗಿಂತಲೂ ಮನೆಯ ನಡುವಣ ಕೋಣೆಯ ಬೀರು ಮೇಲು.

ಕೆಲವು ಸಾಧನೆಗಳನ್ನು ವಸ್ತುವಿನ ರೂಪದಲ್ಲಿ ಉಳಿಸಿಕೊಳ್ಳುವುದೇ ಕಷ್ಟ. ೨೦೧೧ರ ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನ ಹೋ ಚಿ ಮಿನ್ ನಗರದ ಅರ್ಥಶಾಸ್ತ್ರ ವಿಶ್ವವಿದ್ಯಾಲಯದ ೧,೬೦೦ ವಿದ್ಯಾರ್ಥಿಗಳು ೫,೫೧,೨೩೨ ತುಂಡುಗಳ ಚಿತ್ರವೊಂದನ್ನು ಒಳಾಂಗಣ ಕ್ರೀಡಾಂಗಣದಲ್ಲಿ ಜೋಡಿಸಿದರು. ತಲಾ ೧೭೬ ತುಂಡುಗಳ ೩,೧೩೨ ಭಾಗಗಳನ್ನು ಮೊದಲು ಬಿಡಿಸಿ, ಅನಂತರ ಮರಳಿ ಕೂಡಿಸಿದ ಆ ಕಮಲದ ಚಿತ್ರದ ಅಳತೆಯು ೧೪.೮೫ ಮೀಟರು ಮತ್ತು ೨೩.೨೦ ಮೀಟರು. ಅದನ್ನು ಹೊರಬಲ್ಲ ಗೋಡೆಯು ಯಾವ ಮನೆಯಲ್ಲಿಯೂ ಇರಲಾರದು. ಆ ಕೆಲಸವನ್ನು ಜಗತ್ತು ಅರಿತಿರುವುದು ಅಂಕಿಗಳು ಮತ್ತು ಛಾಯಾಚಿತ್ರಗಳ ಮೂಲಕವೇ.

೭. ಉಪಸಂಹಾರ

ಮೇಲಿನ ಚರಿತ್ರೆಯಿಂದ ಒಂದು ವಿಷಯವು ಸ್ಪಷ್ಟವಾಗುತ್ತದೆ. ತುಂಡುಚಿತ್ರವನ್ನು ಇಬ್ಬರು ನಿರ್ಮಿಸುತ್ತಾರೆ: ಕೊಯ್ದವನೊಬ್ಬ, ಕೂಡಿಸಿದವನೊಬ್ಬ. ಅಂಟು ಹಚ್ಚಿದಾಗ ಕೂಡಿಸಿದವನ ಕೆಲಸವು ಉಳಿಯುತ್ತದೆ, ಕೊಯ್ದವನ ಕೆಲಸವು ಮರೆಯಾಗುತ್ತದೆ. ಬಿಡಿಸಿಟ್ಟಾಗ ಕೊಯ್ದವನ ಕೆಲಸವು ಉಳಿಯುತ್ತದೆ, ಕೂಡಿಸಿದವನದು ನೆನಪಿಗೆ ಸಲ್ಲುತ್ತದೆ. ಅಚ್ಚಿನ ರಟ್ಟಿನಲ್ಲಿ ಮೊದಲನೆಯ ನಷ್ಟವು ಅಲ್ಪವಾದುದರಿಂದ ಅಲ್ಲಿ ಮನೆಯವರ ಪ್ರೀತಿಯೇ ಪ್ರಮಾಣ. ಕೈಗೆಲಸದ ಮರದಲ್ಲಿ ಆ ನಷ್ಟವನ್ನು ತುಂಬುವ ಉಪಾಯವಿಲ್ಲವಾದುದರಿಂದ ಅಲ್ಲಿ ಪೆಟ್ಟಿಗೆಯೇ ಶ್ರೇಷ್ಠವಾದ ಚೌಕಟ್ಟು.

ಸ್ಪಿಲ್ಸ್‌ಬರಿಯ ಭೂಪಟಗಳನ್ನು ಜೋಡಿಸಿದ ಬಾಲಬಾಲಿಕೆಯರ ಹೆಸರುಗಳು ಬಹುಮಟ್ಟಿಗೆ ಮರೆತುಹೋಗಿವೆ. ಅವರು ಒಮ್ಮೆ ಪೂರ್ಣಗೊಳಿಸಿದ ಯೂರೋಪು ಅಂದೇ ಸಂಜೆ ಚದರಿಹೋಯಿತು. ಆದರೂ ಅವರು ಪಾಠ ಮುಗಿದೊಡನೆ ತುಂಡುಗಳನ್ನು ಲೆಕ್ಕಮಾಡಿ ಖಾನೆಯೊಳಗಿಟ್ಟುದರಿಂದಲೇ, ಇನ್ನೂರೈವತ್ತು ವರ್ಷಗಳ ಮೇಲೆಯೂ ಬೇರೊಂದು ಕೈಯು ಅವನ್ನು ಅದೇ ಗಡಿಗಳಲ್ಲಿ ಮರಳಿ ಕೂಡಿಸಬಲ್ಲದು.